ಗಿಡ್ಡ ನಳಿಗೆಯ ಮ್ಯಾಗ್ನಂ ರಿವಾಲ್ವರ್‌ಗೆ ಕೈಯಲ್ಲಿ ತುಂಬಿದ ತೋಟಾ ಆರಿಸುವುದು ಹೇಗೆ?

"ಎರಡು ಇಂಚಿನ .357ಗೆ ಯಾವ ಲೋಡ್ ಒಳ್ಳೇದು?" ಈ ಪ್ರಶ್ನೆ ಪದೇ ಪದೇ ಬರುತ್ತದೆ. ಎರಡು ಇಂಚು ಅಂದರೆ ನಳಿಗೆಯ ಉದ್ದ, .357 ಅಂದರೆ .357 ಮ್ಯಾಗ್ನಂ ಅನ್ನುವ ಬಲವಾದ ತೋಟಾ, ಲೋಡ್ ಅಂದರೆ ಯಾವ ಗುಂಡಿಗೆ ಯಾವ ಮದ್ದು ಎಷ್ಟು ಅನ್ನುವ ಜೋಡಣೆ. ಕೇಳುವವರಿಗೆ ಬೇಕಾಗಿರುವುದು ಹೆಚ್ಚಾಗಿ ಒಂದು ಸಂಖ್ಯೆ: ಇಂಥ ಮದ್ದು, ಇಷ್ಟು ಗ್ರೇನ್, ಮುಗೀತು. ಅದು ಇಲ್ಲಿ ಸಿಗುವುದಿಲ್ಲ. ಮದ್ದಿನ ತೂಕ ಯಾವತ್ತೂ ಮದ್ದು ಅಥವಾ ಗುಂಡು ತಯಾರಿಸುವವರು ಅಚ್ಚು ಹಾಕಿಸಿದ ಲೋಡಿಂಗ್ ಪುಸ್ತಕದಿಂದಲೇ ಬರಬೇಕು, ಯಾರೋ ಬರೆದ ಲೇಖನದಿಂದಲ್ಲ. ಆ ಪುಸ್ತಕದಲ್ಲಿ ಒಂದೇ ಗುಂಡಿಗೆ ಹತ್ತು ಹದಿನೈದು ಮದ್ದುಗಳ ಪಟ್ಟಿ ಇರುತ್ತದೆ. ಅದರಲ್ಲಿ ಗಿಡ್ಡ ನಳಿಗೆಗೆ ಹೊಂದುವುದನ್ನು ಹೇಗೆ ಆರಿಸುವುದು ಅನ್ನುವುದಷ್ಟೇ ಇಲ್ಲಿನ ವಿಷಯ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಿಡ್ಡ ನಳಿಗೆಯಿಂದ ಉದ್ದ ನಳಿಗೆಯ ವೇಗ ಹಿಂಡಲು ಹೋಗಬೇಡಿ. ಮಧ್ಯಮ ಒತ್ತಡದ, ಹಿಡಿತಕ್ಕೆ ಸಿಗುವ ಲೋಡೇ ಇಂಥ ರಿವಾಲ್ವರ್‌ಗೆ ಸರಿ. ಉದಾಹರಣೆಗಳೆಲ್ಲ .357 ಮ್ಯಾಗ್ನಂನವು, ಯಾಕೆಂದರೆ ಜಾಸ್ತಿ ಜನರ ಬಳಿ ಇರುವುದು ಅದೇ. .44 ಮ್ಯಾಗ್ನಂಗೂ ಇದೇ ತರ್ಕ ನಡೆಯುತ್ತದೆ, ಒದೆತ ಮಾತ್ರ ಇನ್ನೂ ಜೋರು.

ಶುರು ಮಾಡುವ ಮುಂಚೆ

ಕೆಲವು ದೇಶಗಳಲ್ಲಿ ಕೈಯಲ್ಲಿ ತೋಟಾ ತುಂಬಿ ತಯಾರಿಸಲು ಪರವಾನಗಿ ಬೇಕು, ಕೆಲವು ಕಡೆ ಅದಕ್ಕೆ ಅವಕಾಶವೇ ಇಲ್ಲ. ನಿಮ್ಮಲ್ಲಿ ಏನು ನಿಯಮ ಅಂತ ನೋಡಿಕೊಳ್ಳಿ. ಅದು ಸರಿಯಿದ್ದರೆ ಇಷ್ಟು ಬೇಕು: ಹೊಸ ಆವೃತ್ತಿಯ ಲೋಡಿಂಗ್ ಪುಸ್ತಕ (ಎರಡಿದ್ದರೆ ಒಳ್ಳೇದು), ನಂಬಬಹುದಾದ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ. ಕಿವಿಯ ವಿಷಯದಲ್ಲಿ ಉದಾಸೀನ ಬೇಡ. ಗಿಡ್ಡ ನಳಿಗೆಯಲ್ಲಿ ಸಿಡಿತದ ಸದ್ದು ನಿಮ್ಮ ಮುಖಕ್ಕೆ ಅಷ್ಟೇ ಹತ್ತಿರ. ಮ್ಯಾಗ್ನಂ ಆದರೆ ಕಿವಿಯೊಳಗೆ ಒಂದು, ಮೇಲೆ ಒಂದು, ಎರಡೂ ಹಾಕಿ.

ಕೆಲವು ಮಾತುಗಳು ಮುಂದೆ ಮತ್ತೆ ಮತ್ತೆ ಬರುತ್ತವೆ. ಗುಂಡು ಅಂದರೆ ಹಾರಿ ಹೋಗುವ ಲೋಹದ ತುಣುಕು ಮಾತ್ರ. ಕೇಸ್, ಪ್ರೈಮರ್, ಮದ್ದು, ಗುಂಡು ಎಲ್ಲ ಸೇರಿದ್ದು ತೋಟಾ. ಕೇಸ್ ಅಂದರೆ ಹಿತ್ತಾಳೆಯ ಕೊಳವೆ. ಪ್ರೈಮರ್ ಅದರ ಬುಡದಲ್ಲಿ ಕೂರುವ ಕಿಡಿ ಹೊತ್ತಿಸುವ ಬಟ್ಟಲು. ಗ್ರೇನ್ ತೂಕದ ಅಳತೆ, ಸುಮಾರು 65 ಮಿಲಿಗ್ರಾಂ. ಗ್ರಾಂ ಜೊತೆ ಗೊಂದಲ ಮಾಡಿಕೊಂಡರೆ ಅನಾಹುತ. ಕ್ರಿಂಪ್ ಅಂದರೆ ಕೇಸಿನ ಬಾಯಿಯನ್ನು ಗುಂಡಿನ ಸುತ್ತ ಮಡಚಿ ಬಿಗಿ ಮಾಡುವುದು.

1. ರಿವಾಲ್ವರ್‌ನ ಮಿತಿ ತಿಳಿದುಕೊಳ್ಳಿ

ಒಂದೇ ತೋಟಾಕ್ಕೆ ಮಾಡಿದ ಎರಡು ರಿವಾಲ್ವರ್‌ಗಳು ಒಂದೇ ಥರ ಇರುವುದಿಲ್ಲ. ಸ್ಮಿತ್ ಅಂಡ್ ವೆಸನ್ 340ಪಿಡಿ ಸುಮಾರು 330 ಗ್ರಾಂ ತೂಗುತ್ತದೆ. ಉಕ್ಕಿನ ರೂಗರ್ ಎಸ್‌ಪಿ101 ಅದರ ಎರಡು ಪಟ್ಟಿಗಿಂತ ಜಾಸ್ತಿ. ಎರಡೂ .357 ಮ್ಯಾಗ್ನಂ, ಎರಡಕ್ಕೂ ಐದೇ ತೋಟಾ. ಆದರೆ ಒಂದರಲ್ಲಿ ಸಲೀಸಾಗಿ ಹೊಡೆಯುವ ಲೋಡ್ ಇನ್ನೊಂದರಲ್ಲಿ ಕೈ ಮರಗಟ್ಟಿಸುತ್ತದೆ.

ನಳಿಗೆಯ ಮೇಲೆ ಕೆತ್ತಿರುವುದನ್ನು ಓದಿ. 340ಪಿಡಿಯಂಥ ಹಗುರ ಮಾದರಿಗಳಲ್ಲಿ 120 ಗ್ರೇನ್‌ಗಿಂತ ಕಡಿಮೆ ತೂಕದ ಮ್ಯಾಗ್ನಂ ಗುಂಡು ಬೇಡ ಅಂತ ಅಲ್ಲೇ ಬರೆದಿರುತ್ತದೆ. ಅದನ್ನು ಸುಮ್ನೆ ಬರೆದಿಲ್ಲ. ಹಗುರ ಗುಂಡಿನ ಹಿಂದೆ ಮದ್ದು ಜಾಸ್ತಿ ತುಂಬಿರುತ್ತಾರೆ, ಆ ಬಿಸಿ ಅನಿಲ ಲೋಹವನ್ನು ಕೊರೆಯುತ್ತದೆ. ಹಳೆಯ ಸ್ಮಿತ್ ಮಾಡೆಲ್ 19ರಂಥ ಮಧ್ಯಮ ಗಾತ್ರದ ರಿವಾಲ್ವರ್‌ಗಳಲ್ಲಿ 125 ಗ್ರೇನ್‌ನ ಪೂರ್ತಿ ಬಲದ ತೋಟಾ ಜಾಸ್ತಿ ಹೊಡೆದವರಿಗೆ ನಳಿಗೆಯ ಹಿಂಬದಿಯ ಅಂಚು ಕೆಳಭಾಗದಲ್ಲಿ ಸೀಳಿದ್ದೂ ಇದೆ. ಅಲ್ಲಿ ಉಕ್ಕು ತೆಳ್ಳಗಿರುವುದೇ ಕಾರಣ.

ಸಿಲಿಂಡರಿನ (ತೋಟಾಗಳು ಕೂರುವ, ತಿರುಗುವ ಉರುಳೆಯ) ಉದ್ದವನ್ನೂ ನೋಡಿ. .357 ಮ್ಯಾಗ್ನಂ ತೋಟಾದ ಒಟ್ಟು ಉದ್ದದ ಮಿತಿ 1.590 ಇಂಚು. ಚಿಕ್ಕ ಚೌಕಟ್ಟಿನ ರಿವಾಲ್ವರ್‌ಗಳಲ್ಲಿ ಗುಂಡಿನ ಮೂಗಿನ ಮುಂದೆ ಉಳಿಯುವ ಜಾಗ ಕಡಿಮೆ. ಉದ್ದ ಮೂಗಿನ ಗುಂಡು ಬೇರೆ ರಿವಾಲ್ವರ್‌ನಲ್ಲಿ ಕೂತರೂ ನಿಮ್ಮದರಲ್ಲಿ ಸಿಲಿಂಡರ್ ಮುಖದಿಂದ ಹೊರಗೆ ಇಣುಕಬಹುದು.

2. ಎಷ್ಟು ಬಲ ಬೇಕು ಅಂತ ನಿರ್ಧರಿಸಿ

1935ರಲ್ಲಿ .357 ಮ್ಯಾಗ್ನಂ ಬಂದಾಗ ಅದರ ಕೇಸನ್ನು .38 ಸ್ಪೆಷಲ್ ಅನ್ನುವ ಹಳೆಯ, ಕಡಿಮೆ ಬಲದ ತೋಟಾಕ್ಕಿಂತ 0.135 ಇಂಚು ಉದ್ದ ಮಾಡಿದರು. ಹೊಸ ಬಲವಾದ ತೋಟಾ ಹಳೆಯ .38 ರಿವಾಲ್ವರ್‌ನೊಳಗೆ ಹೋಗಬಾರದು, ಅದಕ್ಕೆ. ಒತ್ತಡದ ಮಿತಿ ನೋಡಿದರೆ ಇದು ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತದೆ. ಅಮೆರಿಕದ ತಯಾರಕರ ಮಾನದಂಡ ಸಂಸ್ಥೆ ಸಾಮಿ ಇಟ್ಟಿರುವ ಲೆಕ್ಕದಲ್ಲಿ .38 ಸ್ಪೆಷಲ್‌ಗೆ ಚದರ ಇಂಚಿಗೆ 17,000 ಪೌಂಡ್, ಅದರದೇ ಹೆಚ್ಚು ಒತ್ತಡದ ರೂಪವಾದ .38 ಪ್ಲಸ್ ಪಿಗೆ 20,000, .357 ಮ್ಯಾಗ್ನಂಗೆ 35,000.

20,000 ಮತ್ತು 35,000ದ ನಡುವೆ ದೊಡ್ಡ ಖಾಲಿ ಜಾಗ ಇದೆ ನೋಡಿ. ಅಂಗಡಿಯ ತೋಟಾಗಳಲ್ಲಿ ಆ ಜಾಗಕ್ಕೆ ಹೆಚ್ಚು ಆಯ್ಕೆ ಇರುವುದಿಲ್ಲ. ಕೈಯಲ್ಲಿ ತುಂಬುವವರಿಗೆ ಅದು ಪೂರ್ತಿ ತೆರೆದಿದೆ, ಗಿಡ್ಡ ನಳಿಗೆಗೆ ಹೊಂದುವ ಲೋಡ್ ಇರುವುದೂ ಅಲ್ಲೇ. ಪುಸ್ತಕದಲ್ಲಿ .357ರ ಪುಟದಲ್ಲೇ ಮಧ್ಯಮ ವೇಗದಲ್ಲಿ ಉರಿಯುವ ಮದ್ದುಗಳ ಶುರುವಿನ ತೂಕಗಳನ್ನು ನೋಡಿದರೆ ಸಾಕು, ನೀವಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ.

ಸ್ವರಕ್ಷಣೆಗೆ ಇಟ್ಟುಕೊಳ್ಳುವ ರಿವಾಲ್ವರ್ ಆಗಿದ್ದರೆ ಅದರಲ್ಲಿ ಕಾರ್ಖಾನೆಯ ತೋಟಾ ಇರಲಿ, ಕೈಯಲ್ಲಿ ತುಂಬಿದ್ದು ಅಭ್ಯಾಸಕ್ಕಿರಲಿ. ಕಾರ್ಖಾನೆಯದು ಏನು ಅಂತ ನಾಳೆ ಯಾರು ಕೇಳಿದರೂ ತೋರಿಸಬಹುದು. ನಿಮ್ಮ ಮೇಜಿನ ಮೇಲೆ ತುಂಬಿದ್ದಕ್ಕೆ ನಿಮ್ಮ ಮಾತೇ ಸಾಕ್ಷಿ. ಅಭ್ಯಾಸದ ಲೋಡನ್ನು ಅದೇ ತೂಕದ ಗುಂಡಿನಲ್ಲಿ, ಹತ್ತಿರದ ವೇಗದಲ್ಲಿ ಮಾಡಿಕೊಂಡರೆ ಗುರಿಯೂ ಒದೆತವೂ ಒಂದೇ ಥರ ಇರುತ್ತವೆ.

3. ಗುಂಡು ಆರಿಸಿ

.357ಗೆ ಸಾಮಾನ್ಯವಾಗಿ 110ರಿಂದ 180 ಗ್ರೇನ್‌ವರೆಗಿನ ಗುಂಡು ಸಿಗುತ್ತವೆ. ನಿಮ್ಮದರಲ್ಲಿ ಗುರಿಕಣ್ಣು ಸರಿಹೊಂದಿಸಲು ಬರದ ಸ್ಥಿರ ಮಾದರಿ ಇದ್ದರೆ 158 ಗ್ರೇನ್‌ನಿಂದ ಶುರು ಮಾಡಿ. ಇಂಥ ರಿವಾಲ್ವರ್‌ಗಳ ಗುರಿಕಣ್ಣನ್ನು ಹೆಚ್ಚಾಗಿ ಆ ತೂಕಕ್ಕೇ ಹೊಂದಿಸಿರುತ್ತಾರೆ. ಗುಂಡು ನಳಿಗೆಯಲ್ಲಿರುವಾಗಲೇ ಒದೆತಕ್ಕೆ ರಿವಾಲ್ವರ್ ಮೇಲೇಳಲು ಶುರುವಾಗುತ್ತದೆ. ಭಾರದ ಗುಂಡು ನಿಧಾನವಾಗಿ ಹೊರಬರುತ್ತದೆ, ಅಷ್ಟರಲ್ಲಿ ಬಾಯಿ ಮೇಲೆದ್ದಿರುತ್ತದೆ, ಏಟು ಮೇಲೆ ಬೀಳುತ್ತದೆ. ಹಗುರದ್ದು ಬೇಗ ಹೊರಬಿದ್ದು ಕೆಳಗೆ ಬೀಳುತ್ತದೆ. "ನನ್ನ ರಿವಾಲ್ವರ್ ಕೆಳಗೆ ಹೊಡೆಯುತ್ತಿದೆ" ಅನ್ನುವವರು ಗುರಿಕಣ್ಣನ್ನು ಅರೆಯುವ ಮುಂಚೆ ಗುಂಡಿನ ತೂಕ ಬದಲಿಸಿ ನೋಡಬೇಕು.

ಸೀಸದ ಗುಂಡು ಅಗ್ಗ, ಮಧ್ಯಮ ವೇಗಕ್ಕೆ ಚೆನ್ನಾಗಿ ನಡೆಯುತ್ತದೆ. ಗಟ್ಟಿ ಇದ್ದಷ್ಟೂ ಒಳ್ಳೇದು ಅನ್ನುವುದು ಮಾತ್ರ ತಪ್ಪು ತಿಳಿವಳಿಕೆ. ಸಣ್ಣ ಲೋಡಿನಲ್ಲಿ ಅತಿ ಗಟ್ಟಿ ಸೀಸ ಉಬ್ಬಿ ನಳಿಗೆಯನ್ನು ಮುಚ್ಚಿಕೊಳ್ಳುವುದಿಲ್ಲ, ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ನಳಿಗೆಗೆ ಮೆತ್ತಿಸುತ್ತದೆ. ಗಡಸುತನಕ್ಕಿಂತ ಅಳತೆ ಮುಖ್ಯ. ಸೀಸದ ಗುಂಡು ಸಾಮಾನ್ಯವಾಗಿ 0.358 ಇಂಚು ಇರಬೇಕು, ಸಿಲಿಂಡರಿನ ಮುಂಬಾಯಿಯಲ್ಲಿ ಬೆರಳಿನಿಂದ ಒತ್ತಿದರೆ ಬಿಗಿಯಾಗಿ ಜಾರಬೇಕು. ತಾನೇ ಬಿದ್ದುಹೋದರೆ ಸಣ್ಣದು. ಪಾಲಿಮರ್ ಲೇಪನ ಮಾಡಿದ ಸೀಸದ ಗುಂಡುಗಳಲ್ಲಿ ಈ ತಾಪತ್ರಯ ಕಡಿಮೆ. ತೆಳು ತಾಮ್ರ ಲೇಪಿಸಿದ ಗುಂಡುಗಳಿಗೆ ತಯಾರಕರು ವೇಗದ ಮಿತಿ ಕೊಟ್ಟಿರುತ್ತಾರೆ, ಅದನ್ನು ಮೀರಬೇಡಿ.

ಕ್ಯಾನಲೂರ್ ಇರುವ ಗುಂಡನ್ನೇ ತೆಗೆದುಕೊಳ್ಳಿ. ಕ್ಯಾನಲೂರ್ ಅಂದರೆ ಗುಂಡಿನ ಸುತ್ತ ಇರುವ ಗೀರು, ಕ್ರಿಂಪ್ ಕೂರುವ ಜಾಗ. ಒಂಬತ್ತು ಮಿಲಿಮೀಟರ್ ಪಿಸ್ತೂಲಿಗೆ ಮಾಡಿದ ನುಣುಪು ಗುಂಡು ಇಲ್ಲಿ ಬೇಡ.

4. ಮದ್ದು: ಇಲ್ಲೇ ಜಾಸ್ತಿ ಜನ ಎಡವುವುದು

ಎರಡು ನಂಬಿಕೆಗಳು ಓಡಾಡುತ್ತಿವೆ. "ಮ್ಯಾಗ್ನಂ ಅಂದರೆ ನಿಧಾನ ಮದ್ದೇ ಬೇಕು" ಅನ್ನುವುದು ಒಂದು. "ಗಿಡ್ಡ ನಳಿಗೆಯಲ್ಲಿ ವೇಗದ ಮದ್ದು ಹಾಕಿದರೆ ಗುಂಡು ಜಾಸ್ತಿ ಓಡುತ್ತದೆ" ಅನ್ನುವುದು ಇನ್ನೊಂದು. ಎರಡೂ ಅರ್ಧ ಸತ್ಯ.

ಎಚ್110ನಂಥ ನಿಧಾನ ಮದ್ದು ಉದ್ದ ನಳಿಗೆಯಲ್ಲಿ ಅತಿ ಹೆಚ್ಚು ವೇಗ ಕೊಡುತ್ತದೆ. ಗಿಡ್ಡ ನಳಿಗೆಯಲ್ಲೂ ಸಾಮಾನ್ಯವಾಗಿ ಅದೇ ಮುಂದೆ. ಯಾಕೆಂದರೆ ಒತ್ತಡದ ಶಿಖರ ಗುಂಡು ಹೆಚ್ಚು ದೂರ ಹೋಗುವ ಮುಂಚೆಯೇ ಬಂದು ಹೋಗಿರುತ್ತದೆ. ಆದರೆ ಮುನ್ನಡೆ ತುಂಬಾ ಕಡಿಮೆ ಆಗುತ್ತದೆ, ಅದಕ್ಕೆ ಕೊಡುವ ಬೆಲೆ ಮಾತ್ರ ಕಡಿಮೆ ಆಗುವುದಿಲ್ಲ. ನಿಧಾನ ಮದ್ದನ್ನು ಎರಡು ಪಟ್ಟು, ಅದಕ್ಕೂ ಜಾಸ್ತಿ ತೂಕದಲ್ಲಿ ತುಂಬಬೇಕು. ಅದೆಲ್ಲ ಅನಿಲವಾಗಿ ಗುಂಡಿಗಿಂತ ಜೋರಾಗಿ ನಳಿಗೆಯ ಬಾಯಿಂದ ಹೊರಗೆ ನುಗ್ಗುತ್ತದೆ. ಒದೆತದ ಲೆಕ್ಕದಲ್ಲಿ ಆ ತೂಕವೂ ಸೇರುತ್ತದೆ. ಜೊತೆಗೆ ಬೆಂಕಿಯ ಚೆಂಡು. "ಉರಿಯದೆ ಉಳಿದ ಮದ್ದು ಹೊರಗೆ ಉರಿಯುತ್ತದೆ" ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ಬೆಂಕಿಯಲ್ಲಿ ಹೆಚ್ಚಿನ ಪಾಲು ಬಿಸಿಯಾದ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಹೊರಗಿನ ಗಾಳಿ ಸೇರಿ ಮತ್ತೆ ಹೊತ್ತಿಕೊಳ್ಳುವುದು.

ನಿಧಾನ ಮದ್ದಿನ ಇನ್ನೊಂದು ಅಪಾಯ ತುಂಬಾ ಜನಕ್ಕೆ ಗೊತ್ತಿಲ್ಲ. ಒದೆತ ಕಡಿಮೆ ಮಾಡಲು ಎಚ್110ನ ತೂಕ ಇಳಿಸೋಣ ಅಂತ ಹೊರಡುತ್ತಾರೆ. ಮಾಡಲೇಬೇಡಿ. ಪುಸ್ತಕದ ತೂಕದಿಂದ ಶೇಕಡಾ 3ಕ್ಕಿಂತ ಜಾಸ್ತಿ ಇಳಿಸಬಾರದು ಅಂತ ತಯಾರಕರೇ ಎಚ್ಚರಿಸುತ್ತಾರೆ. ಅದಕ್ಕಿಂತ ಇಳಿಸಿದರೆ ಮದ್ದು ಸರಿಯಾಗಿ ಹೊತ್ತದೆ ಗುಂಡು ನಳಿಗೆಯಲ್ಲೇ ನಿಲ್ಲಬಹುದು. ಡಬ್ಲ್ಯೂ296 ಅನ್ನುವುದೂ ಅದೇ ಮದ್ದು, ಹೆಸರು ಬೇರೆ ಅಷ್ಟೇ. ಎಚ್ಚರಿಕೆ ಅದಕ್ಕೂ ಸಲ್ಲುತ್ತದೆ.

ಈಗ ವೇಗದ ಮದ್ದು. ಬುಲ್ಸ್‌ಐ, ಟೈಟ್‌ಗ್ರೂಪ್ ಥರದವು ಕಡಿಮೆ ತೂಕದಲ್ಲಿ ಕೆಲಸ ಮಾಡುತ್ತವೆ, ಬೆಂಕಿ ಕಡಿಮೆ, ಮೃದುವಾದ ಲೋಡಿಗೆ ಒಳ್ಳೆಯವು. ಆದರೆ ಮ್ಯಾಗ್ನಂ ಕೇಸಿನ ಬುಡದಲ್ಲಿ ಒಂದು ಚಿಟಿಕೆಯಷ್ಟು ಕೂರುತ್ತವೆ. ಅರಿವಿಲ್ಲದೆ ಎರಡು ಸಲ ಹಾಕಿದರೂ ಕೇಸ್ ತುಂಬಿ ಚೆಲ್ಲುವುದಿಲ್ಲ, ಮೂರು ಸಲ ಹಾಕಿದರೂ ಚೆಲ್ಲದಿರಬಹುದು. ರಿವಾಲ್ವರ್ ಒಡೆಯುವುದು ಹೆಚ್ಚಾಗಿ ಹೀಗೆ. ಇನ್ನೊಂದು ತೊಂದರೆ, ಇಂಥ ಕೆಲವು ಮದ್ದುಗಳಲ್ಲಿ ಮದ್ದು ಕೇಸಿನ ಹಿಂದೆ ಇದೆಯೋ ಮುಂದೆ ಇದೆಯೋ ಅನ್ನುವುದರ ಮೇಲೆ ವೇಗ ಏರುಪೇರಾಗುತ್ತದೆ.

ಹಾಗಾಗಿ ನಾನು ಹೇಳುವುದು ಮಧ್ಯಮ ವೇಗದವು: ಯೂನಿಕ್, ಪವರ್ ಪಿಸ್ಟಲ್, ಅಕ್ಯುರೇಟ್ ನಂಬರ್ 5, ಇಂಥವು. ಕೇಸನ್ನು ಒಂದಿಷ್ಟು ತುಂಬುತ್ತವೆ, ಎರಡು ಸಲ ಬಿದ್ದರೆ ಬೇಗ ಕಣ್ಣಿಗೆ ಬೀಳುತ್ತದೆ, ತೂಕ ಏರಿಳಿಸಲು ಜಾಗ ಇರುತ್ತದೆ. ಯೂನಿಕ್‌ನ ಚಕ್ಕೆಗಳು ದೊಡ್ಡವು, ಅಳತೆ ಯಂತ್ರದಿಂದ ಏಕಸಮ ಬೀಳುವುದಿಲ್ಲ, ಅದಕ್ಕೆ ಆಗಾಗ ತೂಕ ಮಾಡಬೇಕು. ಪವರ್ ಪಿಸ್ಟಲ್ ಸಲೀಸಾಗಿ ಬೀಳುತ್ತದೆ, ಬೆಂಕಿ ಮಾತ್ರ ಸ್ವಲ್ಪ ಜಾಸ್ತಿ. ಎಲ್ಲವೂ ಒಂದರಲ್ಲೇ ಸಿಗುವುದಿಲ್ಲ ಅಲ್ವಾ.

ಯಾವ ಮದ್ದೇ ಆದರೂ ಮದ್ದು ಹಾಕಿದ ಕೇಸುಗಳನ್ನು ಗುಳಿಗಳಿರುವ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುಂಚೆ ಟಾರ್ಚ್ ಹಿಡಿದು ಒಂದೊಂದರೊಳಗೂ ನೋಡಿ. ಒಂದರ ಮಟ್ಟ ಪಕ್ಕದ್ದಕ್ಕಿಂತ ಬೇರೆ ಕಂಡರೆ ಸುರಿದು ಮತ್ತೆ ತೂಗಿ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ.

5. ಕೇಸ್ ಮತ್ತು ಪ್ರೈಮರ್

ಲೋಡ್ ಮೃದುವಾಗಿದ್ದರೂ .357 ಕೇಸ್ ಬಳಸುವುದೇ ನನಗೆ ಇಷ್ಟ. .38 ಕೇಸ್ ಗಿಡ್ಡ. ಅದನ್ನು ಜಾಸ್ತಿ ಹೊಡೆದರೆ ಸಿಲಿಂಡರಿನೊಳಗೆ ಅದರ ಬಾಯಿಯ ಮುಂದೆ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ .357 ಹಾಕಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನು .38 ಕೇಸಿನೊಳಗೆ ಮ್ಯಾಗ್ನಂ ಬಲದ ಲೋಡ್ ಯಾವ ಕಾರಣಕ್ಕೂ ಬೇಡ. ಅದು ಯಾವತ್ತೋ ಯಾರದೋ ಹಳೆಯ .38 ರಿವಾಲ್ವರ್‌ನೊಳಗೆ ಹೋಗಬಹುದು.

ಪ್ರೈಮರ್ ಪುಸ್ತಕದಲ್ಲಿ ಹೇಳಿದ್ದೇ ಇರಲಿ. ಎಚ್110ಗೆ ಮ್ಯಾಗ್ನಂ ಪ್ರೈಮರ್ ಬೇಕು, ಮಧ್ಯಮ ಮದ್ದುಗಳಿಗೆ ಸಾಮಾನ್ಯವಾಗಿ ಮಾಮೂಲಿಯದು ಸಾಕು. ಟ್ರಿಗರ್ ಹಗುರ ಮಾಡಲು ಸ್ಪ್ರಿಂಗ್ ಬದಲಿಸಿದ್ದರೆ ಗಟ್ಟಿ ಬಟ್ಟಲಿನ ಪ್ರೈಮರ್ ಕೆಲವು ಸಲ ಹೊತ್ತುವುದಿಲ್ಲ. ಫೆಡರಲ್‌ನವು ಮೃದು ಅಂತ ಹೆಸರು, ಸಿಸಿಐ ಗಟ್ಟಿ. ಕೂರಿಸಿದ ಮೇಲೆ ಬೆರಳಿನಿಂದ ಕೇಸಿನ ಬುಡ ಸವರಿ. ಪ್ರೈಮರ್ ಒಂದು ಎಳೆ ಒಳಗೇ ಇರಬೇಕು. ಉಬ್ಬಿದ್ದರೆ ಸಿಲಿಂಡರ್ ತಿರುಗುವಾಗ ಉಜ್ಜುತ್ತದೆ.

6. ಕ್ರಿಂಪ್: ಹಗುರ ರಿವಾಲ್ವರ್‌ಗೆ ಇದೇ ಜೀವ

ಒದೆತ ಬಂದಾಗ ರಿವಾಲ್ವರ್ ಸರಕ್ಕನೆ ಹಿಂದೆ ಬರುತ್ತದೆ, ಉಳಿದ ತೋಟಾಗಳ ಕೇಸುಗಳನ್ನೂ ಅಂಚು ಹಿಡಿದು ಹಿಂದೆಳೆಯುತ್ತದೆ. ಒಳಗಿನ ಗುಂಡು ಇದ್ದಲ್ಲೇ ಇರಲು ನೋಡುತ್ತದೆ. ಹಿಡಿತ ಸಡಿಲ ಇದ್ದರೆ ಪ್ರತಿ ಏಟಿಗೂ ಗುಂಡು ಸ್ವಲ್ಪ ಸ್ವಲ್ಪ ಹೊರಗೆ ತೆವಳುತ್ತದೆ. ಕೊನೆಗೆ ಮೂಗು ಸಿಲಿಂಡರಿನಿಂದ ಹೊರಬಂದು ಚೌಕಟ್ಟಿಗೆ ತಾಗುತ್ತದೆ. ಸಿಲಿಂಡರ್ ತಿರುಗುವುದಿಲ್ಲ, ಕೆಲವೊಮ್ಮೆ ತೆರೆಯಲೂ ಬರುವುದಿಲ್ಲ, ಒಳಗೆ ಜೀವಂತ ತೋಟಾ.

"ಕ್ರಿಂಪ್ ಇನ್ನೂ ಬಿಗಿ ಮಾಡ್ತೀನಿ" ಅಂತ ಡೈ (ಕ್ರಿಂಪ್ ಒತ್ತುವ ಅಚ್ಚು) ತಿರುಗಿಸುವುದು ಇದಕ್ಕೆ ಪೂರ್ತಿ ಪರಿಹಾರವಲ್ಲ. ಗುಂಡನ್ನು ಮುಖ್ಯವಾಗಿ ಹಿಡಿಯುವುದು ಕೇಸಿನ ಗೋಡೆಯ ಬಿಗಿ. ಕೇಸಿನ ಬಾಯಿ ಅಗಲಿಸುವ ಎಕ್ಸ್‌ಪ್ಯಾಂಡರ್ ದಪ್ಪ ಇದ್ದರೆ ಆ ಬಿಗಿ ಹೋಗುತ್ತದೆ, ಆಮೇಲೆ ಎಷ್ಟು ಮಡಚಿದರೂ ಉಪಯೋಗ ಕಡಿಮೆ. ಬಾಯಿಯನ್ನು ಗುಂಡು ಕೂರುವಷ್ಟೇ ಅಗಲಿಸಿ. ಕೇಸುಗಳೆಲ್ಲ ಒಂದೇ ಉದ್ದ ಇರಲಿ, ಇಲ್ಲದಿದ್ದರೆ ಒಂದಕ್ಕೆ ಕ್ರಿಂಪ್ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಅತಿಯಾಗಿ ಒತ್ತಿದರೆ ಬಾಯಿಯ ಕೆಳಗೆ ಕೇಸ್ ಉಬ್ಬುತ್ತದೆ, ಆಗ ಸಿಲಿಂಡರಿನೊಳಗೆ ಹೋಗಲು ಮುಷ್ಕರ. ಲೇಪಿಸಿದ ಗುಂಡಾದರೆ ಲೇಪನವೇ ಹರಿಯುತ್ತದೆ.

ಪರೀಕ್ಷೆ ಸುಲಭ. ಐದು ತೋಟಾ ಹಾಕಿ. ಕೊನೆಯದರ ಬುಡಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ, ಮೊದಲೇ ಅದರ ಉದ್ದ ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಡಿ. ನಾಲ್ಕನ್ನು ಹೊಡೆಯಿರಿ. ಐದನೆಯದನ್ನು ತೆಗೆದು ಮತ್ತೆ ಅಳೆಯಿರಿ. ಕ್ಯಾನಲೂರ್ ಪೂರ್ತಿ ಕೇಸಿನ ಬಾಯಿಯಿಂದ ಹೊರಗೆ ಕಾಣಿಸಿದರೆ ಅಳೆಯುವ ಅಗತ್ಯವೇ ಇಲ್ಲ, ಆ ಲೋಡ್ ಫೇಲ್. ಕಾಲು ಮಿಲಿಮೀಟರ್ ಬೆಳೆದಿದ್ದರೂ ನನ್ನ ಲೆಕ್ಕದಲ್ಲಿ ಆ ಲೋಡ್ ಆ ರಿವಾಲ್ವರ್‌ಗೆ ಬೇಡ. ಉಕ್ಕಿನ ರಿವಾಲ್ವರ್‌ನಲ್ಲಿ ಪಾಸಾದ ಲೋಡ್ ಹಗುರದ್ದರಲ್ಲೂ ಪಾಸಾಗುತ್ತದೆ ಅಂತ ಅಂದುಕೊಳ್ಳಬೇಡಿ. ಅಲ್ಲೂ ಮಾಡಿ ನೋಡಿ.

7. ಕಡಿಮೆಯಿಂದ ಶುರು ಮಾಡಿ, ಅಳೆಯಿರಿ

ಪುಸ್ತಕದ ಶುರುವಿನ ತೂಕದಿಂದಲೇ ಹೊರಡಿ. ಅಲ್ಲಿ ಬರೆದಿರುವ ವೇಗ ನೋಡಿ ಆಸೆಪಡಬೇಡಿ. ಆ ಪುಟದ ಮೂಲೆಯಲ್ಲಿ ಪರೀಕ್ಷೆಯ ನಳಿಗೆ ಎಷ್ಟು ಉದ್ದ ಅಂತ ಇರುತ್ತದೆ, ಕೆಲವು ಪುಸ್ತಕಗಳಲ್ಲಿ ಅದು 10 ಇಂಚು. ಅದರಲ್ಲಿ ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿ ಇರದೆಯೂ ಇರಬಹುದು. ನಿಮ್ಮ ರಿವಾಲ್ವರ್‌ನಲ್ಲಿ ಆ ಸಂದಿಯಿಂದಲೂ ಅನಿಲ ಸೋರುತ್ತದೆ. ಒಂದೇ ಮಾದರಿಯ ಎರಡು ರಿವಾಲ್ವರ್‌ಗಳ ವೇಗ ಬೇರೆ ಬೇರೆ ಬರುವುದಕ್ಕೆ ಆ ಸಂದಿಯೂ ಒಂದು ಕಾರಣ. ಪುಸ್ತಕದ ವೇಗಕ್ಕಿಂತ ಸೆಕೆಂಡಿಗೆ ನೂರಾರು ಅಡಿ ಕಡಿಮೆ ಬಂದರೆ ಅದು ನಿಮ್ಮ ತಪ್ಪಲ್ಲ. ಅದನ್ನು ಮುಟ್ಟಲು ಮದ್ದು ಏರಿಸಿದರೆ ಮಾತ್ರ ನಿಮ್ಮ ತಪ್ಪು.

ಹೊಡೆಯುವ ಮುಂಚೆ ಪ್ರತಿ ತೋಟಾವನ್ನೂ ನಿಮ್ಮದೇ ಸಿಲಿಂಡರಿನಲ್ಲಿ ಹಾಕಿ ನೋಡಿ, ರಿವಾಲ್ವರ್ ಸುರಕ್ಷಿತ ದಿಕ್ಕಿಗೆ ಇರಲಿ. ತನ್ನ ಭಾರಕ್ಕೆ ತಾನೇ ಇಳಿಯಬೇಕು, ಮಗುಚಿದರೆ ತಾನೇ ಬೀಳಬೇಕು.

ಮದ್ದಿನ ಜಾಗದಿಂದ ವೇಗ ಬದಲಾಗುತ್ತದಾ ನೋಡಲು, ನಳಿಗೆಯನ್ನು ನೆಲದತ್ತ ಬಾಗಿಸಿ ನಿಧಾನ ಮೇಲೆತ್ತಿ ಕೆಲವು ಏಟು ಅಳೆಯಿರಿ, ಆಮೇಲೆ ಮೇಲಕ್ಕೆ ಎತ್ತಿ ಇಳಿಸಿ ಕೆಲವು. ಇದನ್ನು ಎರಡೂ ದಿಕ್ಕಿಗೆ ಅವಕಾಶವಿರುವ ಶೂಟಿಂಗ್ ರೇಂಜ್‌ನಲ್ಲಿ ಮಾತ್ರ ಮಾಡಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಎರಡು ಗುಂಪಿನ ಸರಾಸರಿ ದೂರ ದೂರ ಇದ್ದರೆ ಆ ಮದ್ದು ಆ ಕೇಸಿಗೆ ತೀರಾ ಕಡಿಮೆ ಅಂತ ಅರ್ಥ.

8. ಖಾಲಿ ಕೇಸ್ ಏನು ಹೇಳುತ್ತದೆ

ಎರಡು ಇಂಚಿನ ರಿವಾಲ್ವರ್‌ಗಳಲ್ಲಿ ಕೇಸ್ ಹೊರತಳ್ಳುವ ಕಡ್ಡಿಯೂ ಗಿಡ್ಡ. ಉದ್ದ .357 ಕೇಸನ್ನು ಅದು ಪೂರ್ತಿ ಹೊರಗೆ ತಳ್ಳುವುದಿಲ್ಲ. ನಳಿಗೆಯ ಬಾಯಿಯನ್ನು ಆಕಾಶಕ್ಕೆ ಮಾಡಿ ಒಂದೇ ಏಟಿಗೆ ಜೋರಾಗಿ ತಳ್ಳಬೇಕು. ಇದು ವಿನ್ಯಾಸದ ಮಿತಿ, ಲೋಡಿನ ದೋಷವಲ್ಲ. ಆದರೆ ಕೇಸ್ ಅಂಟಿಕೊಂಡು ಅಂಗೈಯಿಂದ ಗುದ್ದಬೇಕಾಗಿ ಬಂದರೆ ನಿಲ್ಲಿಸಿ. ಸಿಲಿಂಡರ್ ಸ್ವಚ್ಛವಾಗಿದ್ದೂ ಹಾಗಾದರೆ ಒತ್ತಡ ಜಾಸ್ತಿ ಅಂತಲೇ ತಿಳಿಯಿರಿ, ಪುಸ್ತಕದ ಮಿತಿಯೊಳಗೇ ಇದ್ದರೂ ತೂಕ ಇಳಿಸಿ. ಪ್ರೈಮರ್ ಚಪ್ಪಟೆ ಆಗಿದೆಯಾ ಅಂತ ನೋಡಿ ಒತ್ತಡ ಅಳೆಯುವುದು ನಂಬಿಕೆಯ ವಿಧಾನವಲ್ಲ. ಅದು ಕಾಣುವ ಹೊತ್ತಿಗೆ ಮಿತಿ ದಾಟಿರಬಹುದು.

9. ಸದ್ದು ಕಡಿಮೆ ಬಂದರೆ

ಟಪ್ ಅಂತ ಸಣ್ಣ ಸದ್ದು, ಒದೆತ ಇಲ್ಲ. ಮತ್ತೆ ಟ್ರಿಗರ್ ಎಳೆಯಬೇಡಿ. ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡಿರಬಹುದು, ಹಿಂದಿನಿಂದ ಇನ್ನೊಂದು ಹೋದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ರಿವಾಲ್ವರನ್ನು ಸುರಕ್ಷಿತ ದಿಕ್ಕಿಗೆ ಹಿಡಿದೇ ಸ್ವಲ್ಪ ಕಾಯಿರಿ, ಆಮೇಲೆ ಖಾಲಿ ಮಾಡಿ ನಳಿಗೆಯೊಳಗೆ ಬೆಳಕು ಕಾಣುತ್ತದಾ ನೋಡಿ. ಸಿಲಿಂಡರ್ ತೆರೆಯದಿದ್ದರೆ ಗುಂಡು ಅರ್ಧ ನಳಿಗೆಯಲ್ಲಿ, ಅರ್ಧ ಸಿಲಿಂಡರಿನಲ್ಲಿ ನಿಂತಿರಬಹುದು. ಬಲವಂತ ಮಾಡದೆ ಕೋವಿ ರಿಪೇರಿ ಬಲ್ಲವರಿಗೆ ತೋರಿಸಿ.

10. ಡಬ್ಬಿಯ ಮೇಲೆ ಬರೆಯಿರಿ

ಮದ್ದು, ತೂಕ, ಗುಂಡು, ಪ್ರೈಮರ್, ಒಟ್ಟು ಉದ್ದ, ತುಂಬಿದ ದಿನ, ಯಾವ ರಿವಾಲ್ವರ್‌ಗೆ. ಚೀಟಿ ಇಲ್ಲದ ತೋಟಾ ನಿಮ್ಮದೇ ಆದರೂ ಹೊಡೆಯಬೇಡಿ, ಬಿಚ್ಚಿಬಿಡಿ. ಬೇರೆಯವರು ತುಂಬಿದ್ದನ್ನು, ಅವರು ಎಷ್ಟೇ ಪರಿಚಿತರಾದರೂ, ತೆಗೆದುಕೊಳ್ಳಬೇಡಿ. ನಿಮ್ಮದನ್ನೂ ಯಾರಿಗೂ ಕೊಡಬೇಡಿ. ಮದ್ದಿನ ಹೊಸ ಡಬ್ಬಿ ತೆರೆದಾಗ, ಪ್ರೈಮರ್ ಅಥವಾ ಗುಂಡಿನ ಬ್ರ್ಯಾಂಡ್ ಬದಲಾದಾಗ ಹಳೆಯ ತೂಕದಲ್ಲೇ ಮುಂದುವರಿಯದೆ ಸ್ವಲ್ಪ ಕೆಳಗಿಂದ ಮತ್ತೆ ಹತ್ತಿ ಬನ್ನಿ, ಐದನೇ ತೋಟಾದ ಪರೀಕ್ಷೆಯನ್ನೂ ಮತ್ತೆ ಮಾಡಿ.